ಪಿಟಿ ಮೇಷ್ಟ್ರ ಹೊಟ್ಟೆ, ಪಿಟಿ ಮೇಷ್ಟ್ರ ಮರೆವು

ಗಣಿತದ ಮೇಷ್ಟ್ರಿಗೆ ಹೊಟ್ಟೆ ಬಂದರೆ ಊರಿನವರು 'ಮೇಷ್ಟ್ರು ಸುಖವಾಗಿದ್ದಾರೆ' ಅನ್ನುತ್ತಾರೆ. ಪಿಟಿ ಮೇಷ್ಟ್ರಿಗೆ ಹೊಟ್ಟೆ ಬಂದರೆ ಎಂಟನೇ ಕ್ಲಾಸಿನ ಹುಡುಗನೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾನೆ. ಚನ್ನಪಟ್ಟಣ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನು ಈ ಎರಡು ಬಗೆಯ ಮಾತನ್ನೂ ಕೇಳಿದ್ದೇನೆ. ಎರಡನೆಯದನ್ನು ಹೆಚ್ಚು ವರ್ಷ ಕೇಳಿದ್ದೇನೆ.

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ತರುಣ ಮನೆಗೆ ಬಂದಿದ್ದ. ಕಬಡ್ಡಿ ಆಡಿ ಗಟ್ಟಿಯಾದ ಮೈ. "ಸಾರ್, ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ, ಒಸಿ ಹೇಳಿ" ಅಂದ. ಕ್ರೀಡಾಕೂಟಕ್ಕೆ ಟೆಂಪೊ ಹೊಂದಿಸುವುದು ಹೇಗೆ, ತೀರ್ಪುಗಾರರ ಜೊತೆ ಜಗಳ ಆಡದೆ ಇರುವುದು ಹೇಗೆ ಅಂತ ಏನೇನೋ ಹೇಳಿ ಕಳಿಸಿದೆ. ಹೇಳಲೇಬೇಕಾದದ್ದನ್ನು ಹೇಳಲಿಲ್ಲ. ಕಾಫಿ ತಂದುಕೊಟ್ಟ ನನ್ನ ಹೆಂಡತಿ ಜಯ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನು ಹೋದ ಮೇಲೆ, "ಅದನ್ನ ಬಿಟ್ಟು ಬೇರೆ ಎಲ್ಲಾ ಹೇಳಿದ್ರಿ" ಅಂದಳು. ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಾದರೂ ಬರಲಿ ಅಂತ ಕೂತಿದ್ದೇನೆ.

ಕೆಲಸಕ್ಕೆ ಸೇರಿದಾಗ ನಾನು ಕಡ್ಡಿಯಂತಿದ್ದೆ. ಬೆಳಗ್ಗೆ ಮಕ್ಕಳ ಜೊತೆ ಮೈದಾನ ಸುತ್ತುತ್ತಿದ್ದೆ. ಎದುರಾಳಿ ಬೇಕು ಅಂದರೆ ನಾನೇ ಅಂಕಣಕ್ಕೆ ಇಳಿಯುತ್ತಿದ್ದೆ. ಆಗಿನ ಹೆಡ್‌ಮಾಸ್ಟರು ಬಿಳಿ ಪಂಚೆಯ ಹಿರಿಯರು. ಅವರು ಪಿಟಿ ಪೀರಿಯಡ್ಡನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸಿಲಬಸ್ ಮುಗಿದಿಲ್ಲ ಅಂತ ವಿಜ್ಞಾನದ ಮೇಷ್ಟ್ರು ಬಂದು ಕೇಳಿದರೆ, "ಮಕ್ಕಳು ಬೆವರೋದೂ ಸಿಲಬಸ್ಸೇ ಕಣ್ರೀ" ಅನ್ನುತ್ತಿದ್ದರು. ಅವರು ಹೋದರು, ಕಾಲವೂ ಬದಲಾಯಿತು. ಹತ್ತನೇ ತರಗತಿಯ ಫಲಿತಾಂಶವೇ ಶಾಲೆಯ ಮಾನ ಅಂತಾಯಿತು. ಆಟದ ಪೀರಿಯಡ್ಡುಗಳು ಒಂದೊಂದಾಗಿ ವಿಶೇಷ ತರಗತಿಗಳಾದವು. ಪಿಟಿ ಮೇಷ್ಟ್ರು ಅಂದರೆ ಬಿಸಿಯೂಟದ ಅಕ್ಕಿ ಇಳಿಸಿಕೊಳ್ಳುವವನು, ಸೈಕಲ್ ಹಂಚುವವನು, ಚುನಾವಣೆ ಬಂದರೆ ಮೊದಲು ಹೊರಡುವವನು, ಉಳಿದ ಹೊತ್ತಿನಲ್ಲಿ ಫೋಟೊ ತೆಗೆದು ಆನ್‌ಲೈನಿಗೆ ಹಾಕುವವನು. ಹೊಸಬರಿಗೆ ಹೇಳುತ್ತೇನೆ, ನಿಮ್ಮ ಮೈದಾನವನ್ನು ಯಾರೂ ಬಲವಂತವಾಗಿ ಕಿತ್ತುಕೊಳ್ಳುವುದಿಲ್ಲ. ಒಂದೊಂದೇ ಪೀರಿಯಡ್ ಅಂತ ಕೇಳಿ ಪಡೆಯುತ್ತಾರೆ, ನೀವೂ ನಗುತ್ತ ಕೊಡುತ್ತೀರಿ.

ಮಾಗಡಿಯಲ್ಲಿ ಒಂದು ಶಿಕ್ಷಕರ ಪಂದ್ಯ ನಡೆಯಿತು. ಅದರಲ್ಲಿ ನನ್ನ ಮಂಡಿ ತಿರುಚಿತು. ಸ್ವಲ್ಪ ದಿನ ಕುರ್ಚಿ ಹಾಕಿಕೊಂಡು ಕೂತು ಪಾಠ ಮಾಡಿ ಅಂದರು. ಮಂಡಿ ವಾಸಿಯಾಯಿತು, ಕುರ್ಚಿ ಮಾತ್ರ ಮೈದಾನದಲ್ಲೇ ಉಳಿಯಿತು. ಬೇವಿನ ಮರದ ನೆರಳು, ಒಂದು ವಿಷಲ್, "ನಾನು ಹೇಳ್ತೀನಿ, ನೀವು ಮಾಡಿ" ಅನ್ನುವ ಮಾತು. ಊಟ ಮಾತ್ರ ಓಡುವವನ ಊಟವೇ. ಬಿಸಿಯೂಟದ ರುಚಿ ನೋಡುವ ಜವಾಬ್ದಾರಿ ನನ್ನದು. ಒಂದು ಚಮಚ ನೋಡಬೇಕಾದಲ್ಲಿ ಒಂದು ತಟ್ಟೆ ನೋಡುತ್ತಿದ್ದೆ. ನಮ್ಮ ಕಡೆ ಮದುವೆಗಿಂತ ಬೀಗರೂಟ ದೊಡ್ಡದು. ಮೇಷ್ಟ್ರು ಅಂದರೆ ಬೇಡ ಅಂದರೂ ಮುದ್ದೆಯ ಮೇಲೆ ಮುದ್ದೆ, ಬಾಡಿನ ಸಾರು. "ಸಂಬ್ಳ ಮೈಗೆ ಹತ್ತೈತೆ ಕಣ್ಲಾ ನಮ್ ಮೇಷ್ಟ್ರಿಗೆ" ಅಂತ ಬೈರಾಪಟ್ಟಣದ ಒಬ್ಬ ಯಜಮಾನರು ಪಂಕ್ತಿಯಲ್ಲಿ ಹೊಗಳಿದಾಗ ನಾನೂ ಹೊಟ್ಟೆ ಸವರಿಕೊಂಡು ನಕ್ಕಿದ್ದೆ.

ಮಕ್ಕಳು ಇಟ್ಟ ಹೆಸರು ನನಗೆ ತಡವಾಗಿ ಗೊತ್ತಾಯಿತು. ಗುಡಾಣ. ರಾಗಿ ತುಂಬಿಡುವ ದಪ್ಪ ಮಣ್ಣಿನ ಪಾತ್ರೆ. ಶೌಚಾಲಯದ ಗೋಡೆಯ ಮೇಲೆ ಇದ್ದಿಲಿನಲ್ಲಿ ಅದರ ಚಿತ್ರ ಬರೆದಿದ್ದರು, ಕುತ್ತಿಗೆಗೆ ಒಂದು ವಿಷಲ್ಲನ್ನೂ ತೂಗಿಹಾಕಿದ್ದರು. ನಾನೇ ನೀರು ಹಾಕಿ ಉಜ್ಜಿದೆ. ಬಗ್ಗಿ ಉಜ್ಜುವಾಗ ಏದುಸಿರು ಬಂತು. ಬರೆದವರು ಯಾರು ಅಂತ ಕೇಳುವ ಧೈರ್ಯ ಬರಲಿಲ್ಲ. ಆರೋಗ್ಯ ತಪಾಸಣೆಯವರು ವರ್ಷಕ್ಕೊಮ್ಮೆ ತೂಕದ ಯಂತ್ರ ತಂದಾಗ ಮಕ್ಕಳ ನಂತರ ಮೇಷ್ಟ್ರುಗಳೂ ತಮಾಷೆಗೆ ಹತ್ತುತ್ತಿದ್ದರು. ಆ ಹೊತ್ತಿಗೆ ನನಗೆ ಅಂಚೆ ಕಚೇರಿಯಲ್ಲಿ ತುರ್ತು ಕೆಲಸ ಬಂದಿರುತ್ತಿತ್ತು.

ಮರೆವು ಶುರುವಾದದ್ದು ಯಾವಾಗ ಅಂತ ಹೇಳಲಾರೆ. ಮರೆವಿನ ಗುಣವೇ ಅದು, ತಾನು ಬಂದದ್ದನ್ನು ನೆನಪಿಡಲು ಬಿಡುವುದಿಲ್ಲ. ಹಗಲೆಲ್ಲ ತೂಕಡಿಕೆ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಪೇಪರ್ ಹಿಡಿದು ಕೂತರೆ ಪೇಪರ್ ಜಾರಿ ಬೀಳುತ್ತಿತ್ತು. ಆಟಗಾರರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ಹಾಗಾಗಿ ಎಲ್ಲರನ್ನೂ 'ಲೇ ಹುಡ್ಗ', 'ಏ ಹುಡ್ಗಿ' ಅನ್ನತೊಡಗಿದೆ. ಕೀಲಿಕೈ ಬೀಗದಲ್ಲೇ ಬಿಟ್ಟು ಹೋಗುವುದು, ಒಂದೇ ಪಂದ್ಯಕ್ಕೆ ಎರಡು ತಂಡ ಆರಿಸಿ ಕಳಿಸುವುದು ನಡೆಯಿತು. 'ವಯಸ್ಸಾಯ್ತಲ್ಲ' ಅಂದುಕೊಂಡೆ. ಐವತ್ತು ದಾಟಿದ ಎಲ್ಲರೂ ಅನ್ನುವ ಮಾತೇ ಅದು.

ಒಂದು ಆಗಸ್ಟ್ ಹದಿನೈದು. ಧ್ವಜಾರೋಹಣ ಆಯಿತು, ಊರಿನ ಮುಖಂಡರೆಲ್ಲ ಕುರ್ಚಿಯಲ್ಲಿ ಕೂತಿದ್ದರು. ಸಾಮೂಹಿಕ ಕವಾಯತು ನಡೆಯುತ್ತಿತ್ತು. ನಾನು ಮೈಕಿನಲ್ಲಿ ಆಜ್ಞೆ ಕೊಡುವುದು, ಮಕ್ಕಳು ಮಾಡುವುದು. ಇಡೀ ಸೇವೆಯಲ್ಲಿ ಪ್ರತಿ ವರ್ಷ ಹೇಳಿದ ಅದೇ ಆಜ್ಞೆಗಳು. "ಕೈ ಮೇಲೆ" ಅಂದೆ. ಮಕ್ಕಳು ಕೈ ಎತ್ತಿದರು. ಮುಂದಿನದು ಬರಲಿಲ್ಲ. ತಲೆಯೊಳಗೆ ಖಾಲಿ ಗೋಡೆ. ಮಕ್ಕಳು ಕೈ ಎತ್ತಿಕೊಂಡೇ ನಿಂತರು. ಸಣ್ಣವರ ತೋಳು ನಡುಗತೊಡಗಿತು. ಆಗ ಮುಂದಿನ ಸಾಲಿನ ಒಂದು ಹುಡುಗಿ ತಾನೇ ಪಟಪಟ ಎಣಿಸಿ ಕೈ ಇಳಿಸಿದಳು. ಅವಳನ್ನು ನೋಡಿ ಎಲ್ಲರೂ ಇಳಿಸಿದರು. ನಾನು ಮೈಕ್ ಬಡಿದು, "ಏನೋ ಕನೆಕ್ಷನ್ ಲೂಸು" ಅಂದೆ.

ಆ ಹುಡುಗಿ ಪವಿತ್ರ. ಅಕ್ಕೂರಿನ ಕಡೆಯವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅಪ್ಪ ಪುಟ್ಟಸ್ವಾಮಿ ಮೊಪೆಡ್ಡಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಜೊತೆ ಅವಳನ್ನೂ ಕೂರಿಸಿಕೊಂಡು ಬಂದು ಶಾಲೆಗೆ ಬಿಡುತ್ತಿದ್ದ. ನಾನು ಕಂಡ ಕಬಡ್ಡಿ ಆಟಗಾರ್ತಿಯರಲ್ಲಿ ಅಂಥ ಕಾಲು ಇನ್ನೊಬ್ಬಳಿಗೆ ಇರಲಿಲ್ಲ. ಎದುರಾಳಿಯ ಕೈ ತಾಗುವ ಮೊದಲೇ ಗೆರೆ ಮುಟ್ಟಿರುತ್ತಿದ್ದಳು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಕನಕಪುರದಲ್ಲಿ ಪಂದ್ಯಾವಳಿ ನಡೆಯಿತು. ಜೊತೆಗೆ ಬರಬೇಕಿದ್ದ ಮೇಡಂ ರಜೆಯಲ್ಲಿದ್ದರು. ನಾನೊಬ್ಬನೇ ಹುಡುಗಿಯರನ್ನು ಟೆಂಪೊದಲ್ಲಿ ಕರೆದುಕೊಂಡು ಹೋದೆ. ಸೆಮಿಫೈನಲ್ಲಿನಲ್ಲಿ ಪವಿತ್ರ ಬಿದ್ದು ಮೊಣಕೈ ಊದಿಕೊಂಡಿತು. ಮೈದಾನದ ಹತ್ತಿರವೇ ಒಂದು ಸಣ್ಣ ಕ್ಲಿನಿಕ್ ಇತ್ತು. ಪ್ರಥಮ ಚಿಕಿತ್ಸೆಯ ಮೇಜಿನಲ್ಲಿದ್ದ ಹೆಂಗಸಿನ ಜೊತೆ ಅವಳನ್ನು ಅಲ್ಲಿಗೆ ಕಳಿಸಿದೆ. "ಅಲ್ಲೇ ಕೂತಿರು, ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದೆ.

ಆಮೇಲೆ ಫೈನಲ್ ಸೋತೆವು. ಊಟ ಮಾಡಿದೆ, ಎರಡು ಸಲ ಬಡಿಸಿಕೊಂಡೆ. ಮರದ ಕೆಳಗೆ ಒರಗಿದವನಿಗೆ ನಿದ್ದೆ ಹತ್ತಿತು. ಟೆಂಪೊ ಡ್ರೈವರ್ ಹಾರ್ನ್ ಹೊಡೆದಾಗ ಎದ್ದು ಹುಡುಗಿಯರನ್ನು ಹತ್ತಿಸಿದೆ. "ಸಾರ್, ಪವಿತ್ರ?" ಅಂತ ಯಾರೋ ಕೇಳಿದರು.

"ಅವಳ ಮಾವ ಬಂದು ಕರ್ಕೊಂಡು ಹೋದ್ರಲ್ಲಮ್ಮ" ಅಂದೆ.

ಇದನ್ನು ದಯವಿಟ್ಟು ಗಮನಿಸಿ. ನಾನು ಸುಳ್ಳು ಹೇಳಲಿಲ್ಲ. ನನ್ನ ಕಣ್ಣ ಮುಂದೆ ಅದು ನಡೆದ ಹಾಗೇ ಇತ್ತು. ಚೌಕದ ಅಂಗಿಯ ಮಾವ, ಅವಳ ಬ್ಯಾಗು ಹೆಗಲಿಗೆ ಹಾಕಿಕೊಂಡದ್ದು, "ಬರ್ತೀವಿ ಸಾರ್" ಅಂದದ್ದು. ಮೇಷ್ಟ್ರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಮಕ್ಕಳು ಇನ್ನೇನು ಕೇಳುತ್ತಾರೆ?

ಸಂಜೆ ಶಾಲೆಯ ಗೇಟಿನಲ್ಲಿ ಟೆಂಪೊ ನಿಂತಿತು. ಹುಡುಗಿಯರು ಇಳಿದು ಮನೆಗೆ ಹೋದರು. ಪುಟ್ಟಸ್ವಾಮಿ ಮೊಪೆಡ್ಡಿನ ಪಕ್ಕ ನಿಂತು ಟೆಂಪೊದ ಒಳಗೆ ಇಣುಕಿ ಇಣುಕಿ ನೋಡುತ್ತಿದ್ದ.

"ಸಾ, ನನ್ ಮಗ್ಳು ಎಲ್ಲವ್ಳೆ?"

"ಅವಳ ಮಾವನ ಜೊತೆ ಹೋದ್ಲಲ್ಲ ಪುಟ್ಟಸ್ವಾಮಿ. ನಿಮ್ ಬಾಮೈದ."

ಅವನು ನನ್ನನ್ನೇ ನೋಡಿದ. ಅವನ ಮುಖದ ಬಣ್ಣ ಇಳಿಯುವುದು ಕಾಣಿಸಿತು.

"ಯಾವ್ ಬಾಮೈದ ಸಾ? ನಂಗಿದ್ದವ್ನು ಒಬ್ನೇ. ಅವ್ನು ತೀರ್ಕಂಡು ವರ್ಸ ತುಂಬ್ತಾ ಬಂತು. ನೀವೇ ತಿಥಿ ಊಟಕ್ಕೆ ಬಂದಿದ್ರಲ್ಲ ಸಾ."

ಹೋಗಿದ್ದೆ. ಚಪ್ಪರ ನೆನಪಾಯಿತು, ಎಲೆ ನೆನಪಾಯಿತು, ಬಡಿಸಿದ ಪಾಯಸ ನೆನಪಾಯಿತು. ಚೌಕದ ಅಂಗಿಯ ಆ ಮಾವ ಅವಳನ್ನು ಕರೆದುಕೊಂಡು ಹೋದದ್ದು ಅದಕ್ಕೂ ಮೊದಲು, ಅವಳು ಎಂಟನೇ ತರಗತಿಯಲ್ಲಿದ್ದಾಗ, ರಾಮನಗರದ ಪಂದ್ಯದಲ್ಲಿ. ಅದಾದ ಮೇಲೆ ಕೊನೆಯದಾಗಿ ಕ್ಲಿನಿಕ್ಕು ನೆನಪಾಯಿತು.

"ಕನಕಪುರದಲ್ಲಿ..." ಅಂದೆ.

ಅವನು ಮೊಪೆಡ್ ಸ್ಟಾರ್ಟ್ ಮಾಡಿ, "ಹತ್ತಿ ಸಾ, ಜಾಗ ತೋರ್ಸಿ" ಅಂದ. ನಾನು ಹಿಂದೆ ಕೂತೆ. ನನ್ನ ಭಾರಕ್ಕೆ ಟೈರು ನೆಲಕ್ಕೆ ಅದುಮಿಕೊಂಡಿತು, ಗಾಡಿ ಮುಗ್ಗರಿಸಿ ನಿಂತಿತು. ಅವನು ತಿರುಗದೆಯೇ, "ಇಳೀರಿ ಸಾ" ಅಂದ. ಇಳಿದೆ.

ಅಷ್ಟರಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಸರೋಜಮ್ಮನವರು ತಮ್ಮ ಕಾರಿನಲ್ಲಿ ಬಂದರು. ಆಗ ತಾನೇ ಕ್ಲಿನಿಕ್ಕಿನ ನರ್ಸು ಅವರಿಗೆ ಫೋನ್ ಮಾಡಿದ್ದರು. ಹುಡುಗಿ ಕ್ಷೇಮವಾಗಿದ್ದಳು. ನಾವು ಮೂವರೂ ಕನಕಪುರಕ್ಕೆ ಹೊರಟೆವು. ಪುಟ್ಟಸ್ವಾಮಿ ಮುಂದೆ, ನಾನು ಹಿಂದೆ. ರಾಮನಗರ ದಾಟಿತು. ಆಮೇಲೆ ಅವನು ರಸ್ತೆ ನೋಡಿಕೊಂಡೇ ಅಂದ, "ತಿಂದು ತಿಂದು ಮಂಕು ಹಿಡಿದೈತೆ ನಿಮ್ಗೆ. ಹೊಟ್ಟೆ ಬೆಳೆಸ್ಕಂಡ್ರಿ, ಮಂಡೆ ಕಳ್ಕಂಡ್ರಿ. ನನ್ ಮಗ್ಳಿಗೆ ಏನಾರ ಆಗಿದ್ರೆ ಇವತ್ತು ನಿಮ್ಮನ್ನ ಉಳಿಸ್ತಿರ್ಲಿಲ್ಲ." ಸರೋಜಮ್ಮನವರು ಅವನನ್ನು ತಡೆಯಲಿಲ್ಲ. ತಡೆಯಬಾರದಿತ್ತು ಕೂಡ.

ಕ್ಲಿನಿಕ್ ಮುಚ್ಚುವ ಹೊತ್ತಾಗಿದ್ದರೂ ನರ್ಸು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರು. "ಮಧ್ಯಾಹ್ನದಿಂದ ಹೇಳ್ತಾನೇ ಇದ್ದೀನಿ, ಮನೆಗೆ ಫೋನ್ ಮಾಡ್ತೀನಿ ನಂಬರ್ ಕೊಡು ಅಂತ. ಬೇಡ, ನಮ್ ಸಾರ್ ಬತ್ತೀನಿ ಅಂದವ್ರೆ, ಬಂದೇ ಬತ್ತಾರೆ ಅಂತ ಒಂದೇ ಹಟ. ಕತ್ತಲಾಗ್ತಾ ಬಂತಲ್ಲ ಅಂತ ಶಾಲೆ ಹೆಸರು ಕೇಳಿ ನಾನೇ ನಂಬರ್ ಹುಡುಕಿಸ್ದೆ" ಅಂದರು. ಬೆಂಚಿನ ಮೇಲಿದ್ದ ಪವಿತ್ರ ಕೈಗೆ ಪಟ್ಟಿ ಕಟ್ಟಿಕೊಂಡು ಎದ್ದು ನಿಂತಳು. ಅಪ್ಪನನ್ನು ನೋಡುವ ಮೊದಲು ನನ್ನನ್ನು ನೋಡಿದಳು. ನರ್ಸಿನ ಕಡೆ ತಿರುಗಿ, "ನೋಡಿ, ಬಂದ್ರು" ಅಂದಳು.

ಮಾರನೆಯ ದಿನ ಸರೋಜಮ್ಮನವರು ನನಗೆ ನೋಟಿಸ್ ಕೊಟ್ಟರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಜವಾಬ್ದಾರಿ ತೆಗೆದರು. ಆಮೇಲೆ, "ಇದು ಹೆಡ್‌ಮಿಸ್ಟ್ರೆಸ್ ಆಗಿ. ಈಗ ಅಕ್ಕನಾಗಿ ಹೇಳ್ತೀನಿ, ಕೇಳಿ. ಸತ್ತವರು ಬಂದು ಕರ್ಕೊಂಡು ಹೋದ್ರು ಅನ್ನೋದು ಬರೀ ಮರೆವಲ್ಲ. ಡಾಕ್ಟರ ಹತ್ರ ಹೋಗಿ" ಅಂದರು.

ರಾಮನಗರದ ಒಬ್ಬ ಡಾಕ್ಟರಮ್ಮನ ಬಳಿ ಜಯ ಕರೆದುಕೊಂಡು ಹೋದಳು. "ಏನ್ ಕೆಲಸ ನಿಮ್ದು?" ಅಂತ ಅವರು ಕೇಳಿದರು. "ಮೇಷ್ಟ್ರು" ಅಂದೆ. "ಯಾವ ವಿಷಯ?" ನಾನು ಮೇಜಿನ ಮೇಲಿನ ಪೆನ್ನು ನೋಡುತ್ತ ಕೂತೆ. ಜಯಳೇ, "ಪಿಟಿ ಮೇಷ್ಟ್ರು" ಅಂದಳು. ಡಾಕ್ಟರಮ್ಮ ನಗಲಿಲ್ಲ. ಆ ಒಂದು ಕಾರಣಕ್ಕೆ ಅವರ ಮುಂದಿನ ಮಾತುಗಳನ್ನೆಲ್ಲ ಕೇಳಿಸಿಕೊಂಡೆ.

ಶಾಲೆಗೆ ತೂಕದ ಯಂತ್ರ ಬಂದರೆ ತಪ್ಪಿಸಿಕೊಳ್ಳುತ್ತಿದ್ದೆ ಅಂತ ಒಪ್ಪಿಕೊಂಡೆ. ತೂಕ ನೋಡಿದರು, ಸೊಂಟಕ್ಕೆ ಟೇಪು ಸುತ್ತಿದರು. ಸಕ್ಕರೆ, ಬಿಪಿ ಎರಡೂ ಇದ್ದವು. ಎಷ್ಟು ವರ್ಷದಿಂದ ಇದ್ದವೋ ಗೊತ್ತಿಲ್ಲ. "ರಾತ್ರಿ ನಿದ್ದೆ ಹೇಗೆ?" ಅಂತ ಕೇಳಿದಾಗ ನಾನು "ಚೆನ್ನಾಗಿ ಮಾಡ್ತೀನಿ" ಅಂದೆ. ಜಯ ಅಳತೊಡಗಿದಳು.

"ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತೋಗುತ್ತೆ ಡಾಕ್ಟ್ರೇ. ನಾನು ಎದೆ ತಟ್ಟಿ ಎಬ್ಬಿಸ್ತೀನಿ. ಮತ್ತೆ ಶುರುವಾಗುತ್ತೆ. ನಾನು ಮಲಗಿದ್ರೆ ಇವರು ಏಳೋದಿಲ್ಲ ಅಂತ ಭಯ ನಂಗೆ."

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ಗೊರಕೆ ಅಂದ್ರೆ ಸಾಕು, ಸಿಡುಕ್ತಿದ್ರಲ್ಲ."

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತ ಮೂಟೆಯಲ್ಲ, ಅದು ಮೈಯೊಳಗೆ ಸದಾ ಏನನ್ನೋ ಉರಿಸುತ್ತಿರುತ್ತದೆ. ಅದರ ಜೊತೆ ಸಕ್ಕರೆ, ಬಿಪಿ ಸೇರಿದರೆ ಮಿದುಳಿಗೆ ಹೋಗುವ ಕೂದಲೆಳೆಯಂಥ ರಕ್ತನಾಳಗಳು ಸವೆಯುತ್ತವೆ. ಕುತ್ತಿಗೆಯ ಸುತ್ತ ಕೊಬ್ಬು ತುಂಬಿದರೆ ಮಲಗಿದಾಗ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ. ಮಿದುಳು ಹಗಲು ಕಂಡದ್ದನ್ನು ಅಡಕವಾಗಿ ಎತ್ತಿಡುವುದು ರಾತ್ರಿಯ ಗಾಢ ನಿದ್ದೆಯಲ್ಲಿ, ನನಗೆ ಆ ನಿದ್ದೆಯೇ ಇರಲಿಲ್ಲ. ನಡುವಯಸ್ಸಿನಲ್ಲಿ ಇದನ್ನು ಹೀಗೇ ಬಿಟ್ಟವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವ ಸಂಭವ ಹೆಚ್ಚು.

"ಹಾಗಾದ್ರೆ ಪುಟ್ಟಸ್ವಾಮಿ ಅಂದಿದ್ದು ಸರಿ. ತಿಂದು ಮಂಕು ಹಿಡೀತು" ಅಂದೆ.

"ಅಷ್ಟು ಸುಲಭ ಅಲ್ಲ. ದಪ್ಪಗಿರೋರೆಲ್ಲ ಮರೆಯೋದಿಲ್ಲ, ಮರೆಯೋರೆಲ್ಲ ದಪ್ಪಗಿರೋದಿಲ್ಲ. ನಿಮಗೆ ಇನ್ನೂ ಆ ಕಾಯಿಲೆ ಬಂದಿಲ್ಲ ಅನ್ಸುತ್ತೆ. ಎಷ್ಟು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಆದ್ರೆ ನೀವು ತೂಕದ ಯಂತ್ರ ಕಂಡ್ರೆ ಓಡಿಹೋಗೋದನ್ನ ಮೊದಲು ನಿಲ್ಲಿಸಿ. ನಾಚಿಕೆಯಿಂದ ಯಾರೂ ಸಣ್ಣ ಆಗಿಲ್ಲ ಮೇಷ್ಟ್ರೇ, ಬಚ್ಚಿಟ್ಟುಕೊಂಡು ತಿಂದಿದ್ದಾರೆ ಅಷ್ಟೇ."

ಆಮೇಲಿನದು ಕಥೆಯಲ್ಲ, ದಿನಚರಿ. ರಾತ್ರಿ ಮೂಗಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡು ಮಲಗುವುದು. ಮೊದಲ ರಾತ್ರಿ ಗೋಡೆ ಕಡೆ ತಿರುಗಿ ಮಲಗಿದ್ದೆ, ಜಯ ನೋಡಬಾರದು ಅಂತ. ಅವಳು ನೋಡಲಿಲ್ಲ. ಎಷ್ಟೋ ವರ್ಷಗಳ ಬಾಕಿ ನಿದ್ದೆಯಲ್ಲಿ ಮುಳುಗಿದ್ದಳು. ಬೆಳಗ್ಗೆ ಮಕ್ಕಳು ಬರುವ ಮೊದಲೇ ಶಾಲೆಗೆ ಹೋಗಿ ಮೈದಾನ ಸುತ್ತುತ್ತಿದ್ದೆ. ಮಕ್ಕಳು ಬಂದರೆ ನಿಲ್ಲಿಸುತ್ತಿದ್ದೆ. ಒಂದು ದಿನ ನಿಲ್ಲಿಸದೆ ಸುತ್ತಿದೆ. ನಕ್ಕರು. ಆಮೇಲೆ ಕೆಲವರು ಜೊತೆಗೆ ಬಂದರು. ಮುದ್ದೆ ಒಂದಕ್ಕೆ ಇಳಿಯಿತು, ಬೀಗರೂಟಗಳಲ್ಲಿ ಸೊಪ್ಪಿನ ಪಲ್ಯ ಕೇಳುವವನು ಅಂತ ನಗೆಪಾಟಲಾದೆ. ತೂಕ ಇಳಿಯಿತು, ಆದರೂ ಕಡ್ಡಿಯಂತೇನೂ ಆಗಲಿಲ್ಲ. ತೂಕಡಿಕೆ ಹೋಯಿತು. ಮಂಜು ಕರಗಿದ ಹಾಗೆ ಎಷ್ಟೋ ಹೆಸರುಗಳು ಮರಳಿ ಬಂದವು, ಕೆಲವು ಬರಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಸರೋಜಮ್ಮನವರು ಮತ್ತೆ ಪಂದ್ಯಗಳಿಗೆ ಕಳಿಸಿದರು, ಜೊತೆಗೆ ಇನ್ನೊಬ್ಬ ಶಿಕ್ಷಕಿಯನ್ನು ಹಾಕಿ. ಇಬ್ಬರಿಬ್ಬರು ಹುಡುಗಿಯರು ಜೋಡಿಯಾಗಿರಬೇಕು, ಜೋಡಿ ಇಲ್ಲದೆ ಯಾರೂ ಗಾಡಿ ಹತ್ತುವಂತಿಲ್ಲ, ಮೇಷ್ಟ್ರು ಏನೇ ಹೇಳಲಿ ನಂಬಬಾರದು ಅಂತ ನಾನೇ ನಿಯಮ ಮಾಡಿದೆ. ಹೊಸಬರು ಇದೊಂದನ್ನು ಮೊದಲ ದಿನವೇ ಜಾರಿಗೆ ತನ್ನಿ, ನಿಮ್ಮ ತಲೆ ಎಷ್ಟೇ ಚುರುಕಾಗಿರಲಿ.

ಕಥೆ ಇಲ್ಲಿಗೇ ನಿಂತಿದ್ದರೆ, ಕಾಯಿಲೆ ಬಂತು, ವಾಸಿಯಾಯಿತು ಅಂತ ಹೇಳಿಕೊಳ್ಳಬಹುದಿತ್ತು.

ನಿವೃತ್ತಿಯ ನಂತರ ಒಂದು ಶನಿವಾರ ಕೆಂಗಲ್ಲಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. "ಸಾರ್" ಅಂತ ಒಂದು ಹುಡುಗಿ ಹತ್ತಿರ ಬಂದಳು. ಕಾಲೇಜಿನ ಬ್ಯಾಗು, ಹಣೆಯಲ್ಲಿ ಅಲ್ಲಿನ ಗುಡಿಯ ಆಂಜನೇಯನ ಕುಂಕುಮ. "ಗೊತ್ತಾಯ್ತಾ ಸಾರ್?"

"ಪವಿತ್ರ" ಅಂದೆ.

ಅವಳಿಗೆ ಆಶ್ಚರ್ಯವಾಯಿತು. ಚನ್ನಪಟ್ಟಣದಲ್ಲಿ ಬಿ.ಕಾಂ ಓದುತ್ತಿದ್ದೇನೆ ಅಂದಳು. ಅಪ್ಪ ಚೆನ್ನಾಗಿದ್ದಾರೆ, ಹುಳು ಸಾಕೋದು ಕಡಿಮೆ ಮಾಡವ್ರೆ ಅಂದಳು. "ಸಣ್ಣ ಆಗ್ಬುಟ್ಟಿದೀರ ಸಾರ್" ಅಂದಳು. ಆಗಲಾದರೂ ಹೇಳಬೇಕು ಅಂತ ಬಾಯಿ ತೆರೆದೆ.

"ಅವತ್ತು ಕನಕಪುರದಲ್ಲಿ ನಿನ್ನ ಬಿಟ್ಟು ಬಂದೆನಲ್ಲಮ್ಮ. ನಿಮ್ಮಪ್ಪನ ಹತ್ರ ಕ್ಷಮೆ ಕೇಳಿದ್ದೆ. ನಿನ್ನ ಹತ್ರ ಕೇಳಿರಲಿಲ್ಲ."

"ಅಯ್ಯೋ, ಅದಕ್ಯಾಕೆ ಸಾರ್. ಆ ನರ್ಸಮ್ಮ ಬನ್ ತಂದ್ಕೊಟ್ಟಿದ್ರು. ನಂಗೇನು ಭಯ ಆಗಿರ್ಲಿಲ್ಲ." ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಮೈಸೂರಿನ ಕಡೆಯಿಂದ ಬರುವ ಗಾಡಿಗಳು ಒಂದರ ಹಿಂದೊಂದು ಹೋದವು. "ಅದಕ್ಕಲ್ಲ ಬೇಜಾರು. ಕೈ ವಾಸಿ ಆದ್ಮೇಲೆ ದಿನಾ ಗ್ರೌಂಡ್ ಪಕ್ಕ ನಿಂತ್ಕೊತಿದ್ದೆ, ಕರೀತೀರ ಅಂತ. ನೀವು ಆ ಕಡೆ ಮುಖ ಮಾಡ್ಕಂಡು ಬೇರೆಯವ್ರನ್ನ ಕರೀತಿದ್ರಿ. ನಾನೇ ಏನೋ ತಪ್ಪು ಮಾಡ್ದೆ ಅಂದ್ಕೊಂಡೆ. ನಿಮ್ಗೆ ನೋಟಿಸು ಬಂದಿದ್ದು ನನ್ನಿಂದ್ಲೇ ಅಲ್ವಾ ಅಂತ. ಆಮೇಲೆ ಬರೋದೇ ಬಿಟ್ಟೆ."

ಅದು ನಿಜ. ಅವಳ ಮುಖ ಕಂಡರೆ ಆ ಬೆಂಚು ನೆನಪಾಗುತ್ತಿತ್ತು. ತಂಡ ಆರಿಸುವಾಗ ಅವಳಿದ್ದ ದಿಕ್ಕಿಗೆ ಕಣ್ಣು ಹಾಯಿಸುತ್ತಿರಲಿಲ್ಲ. ಹತ್ತನೇ ತರಗತಿಯ ಹೊತ್ತಿಗೆ ಅವಳು ಆಟದ ಪೀರಿಯಡ್ಡಿನಲ್ಲಿ ಒಳಗೆ ಕೂತು ಲೆಕ್ಕ ಮಾಡುತ್ತಿದ್ದಳು. ಓದಿನ ಕಡೆ ಮನಸ್ಸು ಹೋಗಿದೆ, ಒಳ್ಳೆಯದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

"ನನ್ ಹೆಸ್ರೂ ಮರ್ತೋಗಿತ್ತಾ ಸಾರ್ ಆಗ?" ಅಂತ ಕೇಳಿದಳು. ಹಂಗಿಸಲು ಕೇಳಿದ್ದಲ್ಲ. ಹೌದು ಅಂದರೆ ಅವಳಿಗೆ ಸಮಾಧಾನವಾಗುತ್ತಿತ್ತು, ಅದು ಕಾಣಿಸುತ್ತಿತ್ತು.

"ಇಲ್ಲ ಕಣಮ್ಮ. ಎಲ್ಲರ ಹೆಸರೂ ಮರೆತಾಗಲೂ ನಿನ್ನದು ಮರೆತಿರಲಿಲ್ಲ."

"ಮತ್ಯಾಕ್ ಸಾರ್ ಕರೀಲಿಲ್ಲ?"

ಅವಳ ಬಸ್ಸು ಬಂತು. ಅವಳು ಹತ್ತಲಿಲ್ಲ, ಉತ್ತರಕ್ಕೆ ಕಾದಳು. ಡಾಕ್ಟರಮ್ಮ ಹೇಳಿಕೊಟ್ಟ ಕಾರಣಗಳೆಲ್ಲ ನನ್ನ ಬಳಿ ಇದ್ದವು, ಕೊಬ್ಬು, ಸಕ್ಕರೆ, ನಿಂತುಹೋಗುವ ಉಸಿರು. ಅವುಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ಇದನ್ನು ಮಾಡಿದವನು ಎಲ್ಲವೂ ಚೆನ್ನಾಗಿ ನೆನಪಿದ್ದ ಮನುಷ್ಯ.

"ನಾಚಿಕೆ ಆಗ್ತಿತ್ತಮ್ಮ" ಅಂದೆ.

"ಅಷ್ಟೇನಾ ಸಾರ್?" ಅಂದಳು. ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು. ಈ ಸಲ ಆ ಕಡೆ ತಿರುಗದೆ ನಾನು ಅವಳ ಮುಖ ನೋಡಿಕೊಂಡು ನಿಲ್ಲಲು ಪ್ರಯತ್ನಿಸಿದೆ.